ಕಪ್ಪು ಉಟ್ಟ ವರ್ಷ

ಫೆಬ್ರವರಿಯ ಎರಡನೇ ವಾರಕ್ಕೆ ಬೆಳ್ಳುಳ್ಳಿಯ ಎಲೆ ತುದಿಯಿಂದ ಒಣಗುತ್ತ ಬಂದು ನಡುವಿನವರೆಗೆ ಹಳದಿಯಾಗಿತ್ತು. ಇನ್ನೂ ಬಿಟ್ಟರೆ ಗಡ್ಡೆ ಮಣ್ಣಿನೊಳಗೇ ಬಿರಿದು ಎಸಳುಗಳು ಚೆದುರಿಹೋಗುತ್ತವೆ. ಬಡಗಣ ಗಾಳಿಯ ತಂಪು ಆರುವ ಮೊದಲೇ ಕ್ರಿಸಾಂತೊ ಹೆಂಡತಿ ಮಕ್ಕಳೊಂದಿಗೆ ಹೊಲಕ್ಕೆ ಇಳಿದಿದ್ದ. ಭತ್ತ ಕೊಯ್ದ ಗದ್ದೆಯಲ್ಲೇ ಹುಲ್ಲು ಹೊದಿಸಿ ಬೆಳೆದ ಬೆಳ್ಳುಳ್ಳಿ. ಹುಲ್ಲು ಸರಿಸಬೇಕು, ಬುಡಕ್ಕೆ ಕೈಯಿಟ್ಟು ಒಂದು ಸಲ ಅಲ್ಲಾಡಿಸಿ ಕೀಳಬೇಕು, ಮಣ್ಣು ಕೊಡವಿ ಸಾಲಾಗಿ ಮಲಗಿಸಬೇಕು. ಜೋರಾಗಿ ಎಳೆದರೆ ಎಲೆ ಕೈಗೆ ಬಂದು ಗಡ್ಡೆ ಅಲ್ಲೇ ಉಳಿಯುತ್ತದೆ. ಐವತ್ತೆರಡು ವರ್ಷದ ಕ್ರಿಸಾಂತೊಗೆ ಇದನ್ನು ಯೋಚಿಸಿ ಮಾಡಬೇಕಾಗಿರಲಿಲ್ಲ. ಅವನ ಯೋಚನೆಯೆಲ್ಲ ಸಂಜೆಯ ಬಸ್ಸಿನ ಮೇಲಿತ್ತು. ಮರುದಿನ ಮನಿಲಾದಲ್ಲಿ ವೀಸಾ ಸಂದರ್ಶನ.

ಅವನ ಅಕ್ಕ ಫಿದೆಲಾ ಹವಾಯಿಗೆ ಹೋಗಿ ಹೋಟೆಲಿನಲ್ಲಿ ಹಾಸಿಗೆ ಬಟ್ಟೆ ಬದಲಿಸುವ ಕೆಲಸಕ್ಕೆ ಸೇರಿ, ಅಲ್ಲಿನ ಪ್ರಜೆಯಾಗಿ, ತಮ್ಮನ ಹೆಸರಿಗೆ ಅರ್ಜಿ ಹಾಕಿದಾಗ ಕ್ರಿಸಾಂತೊಗೆ ಮದುವೆಯಾಗಿ ಆರು ತಿಂಗಳು. ದೊಡ್ಡ ಮಗಳು ರಿಯಾಲಿನ್ ಇನ್ನೂ ಹುಟ್ಟಿರಲಿಲ್ಲ. ಈಗ ಅವಳಿಗೆ ಇಪ್ಪತ್ತಮೂರು. ಇಲ್ಲಿಂದ ಒಡಹುಟ್ಟಿದವರನ್ನು ಕರೆಸಿಕೊಳ್ಳುವ ಸಾಲು ಅಷ್ಟು ಉದ್ದ. ಊರಿನಲ್ಲಿ ಯಾರೂ ಅದಕ್ಕೆ ಆಶ್ಚರ್ಯಪಡುವುದಿಲ್ಲ. ಸಾಲಿನಲ್ಲಿ ನಿಂತೇ ಸತ್ತವರಿದ್ದಾರೆ. ಸಾಲಿನಲ್ಲಿ ನಿಂತೇ ಮೊಮ್ಮಕ್ಕಳನ್ನು ಕಂಡವರಿದ್ದಾರೆ.

ಊರಿನವರು ಮನೊಂಗ್, ಅಂದರೆ ಅಣ್ಣ, ಎಂದು ಕರೆಯುವ ಪಕ್ಕದ ಹೊಲದ ಊಸ್ತಿಂಗ್ ಬದುವಿನ ಮೇಲೆ ಕೂತು ಬೀಡಿಯಂಥ ತನ್ನ ಸುರುಳಿ ತಂಬಾಕು ಹಚ್ಚಿಕೊಂಡಿದ್ದ.

"ಕೈ ಉಜ್ಜಿ ತೊಳ್ಕೊಂಡು ಹೋಗಪ್ಪಾ ಕ್ರಿಸ್. ಬೆಳ್ಳುಳ್ಳಿ ವಾಸನೆ ಬಂದ್ರೆ ಆ ಬಿಳಿ ಅಧಿಕಾರಿ ಕಿಟಕಿ ಮುಚ್ಕೊಂಡ್ಬಿಟ್ಟಾನು."

"ಬಂದ್ರೆ ಒಳ್ಳೇದೇ ಮನೊಂಗ್, ಇವನು ಸುಳ್ಳುಗಾರ ಅಲ್ಲ, ನಿಜವಾದ ರೈತ ಅಂತ ಗೊತ್ತಾಗುತ್ತೆ," ಎಂದಳು ಹೆಂಡತಿ ಲೆತಿ. ಚಿಕ್ಕವಳು ಕೆಸಿಯಾ ನಕ್ಕಳು. ಅವಳಿಗೆ ಹದಿನಾಲ್ಕು. ರಿಯಾಲಿನ್ ನಗಲಿಲ್ಲ. ಅವಳು ತನ್ನ ಸಾಲು ಮುಗಿಸಿ ಅಪ್ಪನ ಸಾಲಿನ ಇನ್ನೊಂದು ತುದಿಯಿಂದ ಕೀಳುತ್ತ ಬರುತ್ತಿದ್ದಳು.

ರಿಯಾಲಿನ್ ಶಿಕ್ಷಕಿಯ ಓದು ಮುಗಿಸಿದ್ದಳು. ಹೋಗುವವಳು ಎಂದು ಎರಡು ವರ್ಷದಿಂದ ಯಾವ ಶಾಲೆಗೂ ಸೇರಿರಲಿಲ್ಲ. ಹಾಗೆ ನೋಡಿದರೆ ಅವಳು ಹೋಗುವವಳಾಗಿಯೇ ಬೆಳೆದವಳು. ಪಕ್ಕದೂರು ವಿಂತಾರಿನ ಒಬ್ಬ ಹುಡುಗ ಮೂರು ವರ್ಷ ಅವಳ ಹಿಂದೆ ಮುಂದೆ ಸುತ್ತಿದ. ಅವಳಿಗೂ ಮನಸ್ಸಿತ್ತು. ಆದರೆ ಮದುವೆಯಾದ ಮಗಳ ಹೆಸರು ಅಪ್ಪನ ಕಾಗದದಿಂದ ಬಿದ್ದುಹೋಗುತ್ತದೆ. ವೀಸಾ ಬರಲಿ, ಆಮೇಲೆ ಎಂದಳು. ಕಳೆದ ಮೇ ತಿಂಗಳಲ್ಲಿ ಆ ಹುಡುಗ ಬೇರೆಯವಳ ಕೈಹಿಡಿದ. ರಿಯಾಲಿನ್ ಮದುವೆಗೆ ಹೋಗಿ ಉಂಡು ಬಂದಳು.

*

ಸಂದರ್ಶನದ ಕಿಟಕಿಯ ಮುಂದೆ ನಾಲ್ವರೂ ಸಾಲಾಗಿ ನಿಂತರು. ಗಾಜಿನಾಚೆ ಎಳೆಯ ವಯಸ್ಸಿನ ಅಧಿಕಾರಿ, ಅವನ ಪಕ್ಕದಲ್ಲಿ ಭಾಷಾಂತರಕ್ಕೆ ಒಬ್ಬ ಹೆಂಗಸು. ಅವಳು ಬಾಯಿ ತೆರೆಯುತ್ತಲೇ ತಮ್ಮದೇ ಇಲೊಕೋಸ್ ಸೀಮೆಯವಳೆಂದು ತಿಳಿಯಿತು. ಕ್ರಿಸಾಂತೊನ ಎದೆ ಹಗುರವಾಯಿತು. ಅಕ್ಕನ ಹೆಸರೇನು, ಒಡಹುಟ್ಟಿದವರೆಷ್ಟು, ತಾಯಿ ಯಾರು ಎಂಬ ಪ್ರಶ್ನೆಗಳೆಲ್ಲ ಸಲೀಸಾಗಿ ಮುಗಿದವು. ಅಧಿಕಾರಿ ಹಾಳೆ ತಿರುವುತ್ತ ಒಂದು ಕಡೆ ನಿಂತ. ರಿಯಾಲಿನ್ ಹುಟ್ಟಿದ ದಿನವನ್ನು ಕೇಳಿದ. ಇನ್ನೊಂದು ಹಾಳೆ ನೋಡಿದ. ಮತ್ತೆ ಮೊದಲ ಹಾಳೆಗೆ ಬಂದ.

ಅವನು ಹೇಳಿದ್ದನ್ನು ಆ ಹೆಂಗಸು ನಿಧಾನವಾಗಿ ಬಿಡಿಸಿ ಹೇಳಿದಳು. ಇಪ್ಪತ್ತೊಂದು ದಾಟಿದ ಮಕ್ಕಳು ತಂದೆಯ ಜೊತೆ ಹೋಗುವಂತಿಲ್ಲ. ಆದರೆ ಅರ್ಜಿ ಕಚೇರಿಯ ಮೇಜಿನ ಮೇಲೆ ಬಿದ್ದಿದ್ದ ವರ್ಷಗಳನ್ನು ಮಕ್ಕಳ ವಯಸ್ಸಿನಿಂದ ಕಳೆಯುತ್ತಾರೆ. ನಿಮ್ಮದು ನಾಲ್ಕು ವರ್ಷ ಬಿದ್ದಿತ್ತು. ಹಾಗಾಗಿ ನಿಮ್ಮ ಸರದಿ ಬಂದಾಗ ಮಗಳಿಗೆ ಇಪ್ಪತ್ತೊಂದು ತುಂಬಿದ್ದರೂ ಲೆಕ್ಕದಲ್ಲಿ ಹದಿನೇಳೇ. ಇದು ಒಳ್ಳೆಯ ಸುದ್ದಿ ಎಂದು ಲೆತಿ ತಲೆಯಾಡಿಸತೊಡಗಿದ್ದಳು. ಆದರೆ ಈ ರಿಯಾಯಿತಿ, ಎಂದು ಆ ಹೆಂಗಸು ಮುಂದುವರಿಸಿದಳು, ಸರದಿ ಬಂದ ಒಂದು ವರ್ಷದೊಳಗೆ ಶುಲ್ಕ ಕಟ್ಟಿ ವೀಸಾ ಕೇಳಿದವರಿಗೆ ಮಾತ್ರ. ನೀವು ಕಟ್ಟಿದ್ದು ಒಂದು ವರ್ಷ ಇಪ್ಪತ್ತಮೂರು ದಿನಕ್ಕೆ.

ಅಧಿಕಾರಿ ಕ್ರಿಸಾಂತೊನನ್ನೇ ನೋಡುತ್ತಿದ್ದ.

"ಆ ಒಂದು ವರ್ಷದಲ್ಲಿ ಯಾಕೆ ಕಟ್ಟಲಿಲ್ಲ ಅಂತ ಕೇಳ್ತಿದಾರೆ," ಎಂದಳು ಅವಳು.

"ಅಮ್ಮ ತೀರ್ಕೊಂಡಿದ್ರು. ಕಪ್ಪು ಉಟ್ಟಿದ್ವಿ."

ಅವಳು ಏನನ್ನೂ ಮರುಪ್ರಶ್ನಿಸಲಿಲ್ಲ. ಅಧಿಕಾರಿಯ ಕಡೆ ತಿರುಗಿ ಬಹಳ ಹೊತ್ತು ವಿವರಿಸಿದಳು. ಮಣ್ಣು ಮಾಡಿದ ಮರುದಿನ ಹೊಳೆಗೆ ಹೋಗಿ ಹುಲ್ಲಿನ ಬೂದಿಯಲ್ಲಿ ತಲೆ ತೊಳೆಯುವುದು, ಒಂಬತ್ತು ದಿನದ ಪ್ರಾರ್ಥನೆ, ವರ್ಷ ತುಂಬಿದಾಗ ಕಪ್ಪು ಬಟ್ಟೆ ಕಳಚುವುದು, ಅಲ್ಲಿಯವರೆಗೆ ಮನೆಯಲ್ಲಿ ಮದುವೆಯಿಲ್ಲ, ಹಾಡಿಲ್ಲ, ಹೊಸ ಕೆಲಸ ಹಿಡಿಯುವಂತಿಲ್ಲ, ದೂರದ ಪ್ರಯಾಣ ಹೊರಡುವಂತಿಲ್ಲ. ಅವಳ ಕೈ ಬೀಸುವಿಕೆಯಿಂದಲೇ ಅವಳು ಎಲ್ಲವನ್ನೂ ಸರಿಯಾಗಿ ಹೇಳುತ್ತಿದ್ದಾಳೆಂದು ಕ್ರಿಸಾಂತೊಗೆ ಗೊತ್ತಾಯಿತು. ಅವಳ ಮನೆಯಲ್ಲೂ ಉಟ್ಟಿರಬೇಕು.

ಅಧಿಕಾರಿ ಸಂತಾಪ ಹೇಳಿದ. ಆಮೇಲೆ ಮುಂದಕ್ಕೆ ಬಾಗಿ, ಹಿಂದಿಗಿಂತ ನಿಧಾನವಾಗಿ, ಒಂದೊಂದಾಗಿ ಕೇಳಿದ. ಆ ವರ್ಷ ನಿಮಗೇನಾದರೂ ದೊಡ್ಡ ಕಾಯಿಲೆ ಬಂದಿತ್ತೆ? ಆಸ್ಪತ್ರೆ ಸೇರಿದ್ದಿರಾ? ಯಾರಾದರೂ ವಕೀಲ ನಿಮಗೆ ತಪ್ಪು ಹೇಳಿದ್ದನೆ? ಬಿರುಗಾಳಿಯಿಂದ ಮನೆಗೆ ಹಾನಿಯಾಗಿತ್ತೆ?

"ಬಿರುಗಾಳಿ ಬಂದಿತ್ತು," ಎಂದ ಕ್ರಿಸಾಂತೊ. "ಛಾವಣಿ ಅರ್ಧ ಹಾರಿತ್ತು. ಆದ್ರೆ ಅದು ಜುಲೈನಲ್ಲಿ. ಊರವರೆಲ್ಲ ಸೇರಿ ಎರಡೇ ದಿನಕ್ಕೆ ಹೊದಿಸಿಬಿಟ್ವಿ. ಅದರಿಂದ ಏನೂ ತೊಂದ್ರೆ ಆಗ್ಲಿಲ್ಲ."

ಆ ಹೆಂಗಸು ಭಾಷಾಂತರಿಸುವ ಮುನ್ನ ಅವನನ್ನೇ ಒಂದು ಗಳಿಗೆ ನೋಡಿದಳು. ಲೆತಿಯ ಮೊಣಕೈ ಪಕ್ಕೆಗೆ ತಾಗಿತು. ಕ್ರಿಸಾಂತೊಗೆ ಅರ್ಥವಾಗಲಿಲ್ಲ. ಸರಕಾರಿ ಮನುಷ್ಯನ ಮುಂದೆ ಸುಳ್ಳು ಹೇಳಬಾರದು, ಒಂದು ಸುಳ್ಳು ಸಿಕ್ಕಿದರೆ ಎಲ್ಲವೂ ಹೋಯಿತು ಎಂದು ಅಕ್ಕ ಫಿದೆಲಾ ಇಪ್ಪತ್ತು ವರ್ಷ ಫೋನಿನಲ್ಲಿ ಒತ್ತಿ ಒತ್ತಿ ಹೇಳಿದ್ದಳು. ಅವನು ಅದನ್ನೇ ಮಾಡಿದ್ದ.

ಮೂವರಿಗೆ ವೀಸಾ ಆಯಿತು. ಆರು ತಿಂಗಳೊಳಗೆ ಹೋಗಬೇಕು. ರಿಯಾಲಿನ್‌ಗೆ ಬೇರೊಂದು ಬಣ್ಣದ ಹಾಳೆ ಕೊಟ್ಟರು.

*

ಹೊರಗೆ ಬೇಲಿಯ ಪಕ್ಕದ ಕಲ್ಲಿನ ಕಟ್ಟೆಯ ಮೇಲೆ ನಾಲ್ವರೂ ಕೂತರು. ಎದುರಿಗೆ ಫೋಟೊ ತೆಗೆಯುವವರು, ನಕಲು ಮಾಡಿಕೊಡುವವರು, ಕೆಲಸ ಮಾಡಿಸಿಕೊಡುತ್ತೇವೆ ಎಂದು ಪಿಸುಗುಟ್ಟುವವರು ಓಡಾಡುತ್ತಿದ್ದರು. ಲೆತಿ ಮೊದಲು ಬಾಯಿಬಿಟ್ಟಳು.

"ಕೈ ಹಿಡಿದು ಬಾಗಿಲು ತೋರಿಸಿದ ಅವನು. ನೀನು ಒಳಗಿಂದ ಚಿಲಕ ಹಾಕ್ಕೊಂಡೆ."

ಅವಳು ಹೇಳುವುದು ನಿಜವೆಂದು ಆಗ ಹೊಳೆಯಿತು. ಅಧಿಕಾರಿ ಕೇಳಿದ್ದು ಕುತೂಹಲದಿಂದಲ್ಲ; ಬರೆದುಕೊಳ್ಳಲು ಒಂದು ಕಾರಣ ಬೇಕಾಗಿತ್ತು. ಎರಡೇ ದಿನಕ್ಕೆ ಹೊದಿಸಿಬಿಟ್ವಿ ಎಂದು ಹೆಮ್ಮೆಯಿಂದ ಹೇಳಿದ ತನ್ನ ದನಿ ಕಿವಿಯಲ್ಲಿ ಕೇಳಿ ಕ್ರಿಸಾಂತೊನ ಮುಖ ಬಿಸಿಯಾಯಿತು. ಹಾಗಾದರೆ ಇಷ್ಟು ದಿನ ಇವರು ಮಾಡಿದ್ದೇನು ಎಂದು ಅವನು ರೇಗಿದ. ನಾಲ್ಕು ಜನರ ಶುಲ್ಕ ತೆಗೆದುಕೊಂಡರು. ನಾಲ್ವರ ರಕ್ತ ತೆಗೆದರು, ನಾಲ್ವರ ಎದೆಯ ಚಿತ್ರ ತೆಗೆದರು, ನಾಲ್ವರಿಗೂ ಚುಚ್ಚಿದರು. ಬರಹೇಳಿದ ಪತ್ರದಲ್ಲೂ ನಾಲ್ಕು ಹೆಸರು. ಹದಿನಾಲ್ಕು ತಿಂಗಳಲ್ಲಿ ಒಬ್ಬನಾದರೂ ಇಪ್ಪತ್ತಮೂರು ದಿನ ಎಂಬ ಮಾತೆತ್ತಲಿಲ್ಲ. ಅವನ ದನಿ ಏರಿದ್ದರಿಂದ ಕಾವಲುಗಾರ ಈ ಕಡೆ ನೋಡಿದ.

ರಿಯಾಲಿನ್ ಎದ್ದುಹೋಗಿ ನಾಲ್ಕು ಬಾಟಲಿ ನೀರು ತಂದಳು. ಎಲ್ಲರಿಗೂ ಮುಚ್ಚಳ ತೆಗೆದುಕೊಟ್ಟಳು. ಕೆಸಿಯಾ ಅಕ್ಕನ ತೋಳು ಹಿಡಿದು ಅಳುತ್ತಿದ್ದಳು. "ಅಳ್ಬೇಡ್ವೇ, ನಿನ್ನ ಫೋಟೊ ನೋಡಿ ಕೊಟ್ಟಿದಾರೆ, ಮುಖ ಊದಿದ್ರೆ ವಾಪಸ್ ತಗೋತಾರೆ," ಎಂದಳು ರಿಯಾಲಿನ್. ಅಪ್ಪನ ಜೊತೆ ಮಾತ್ರ ಮಾತಾಡಲಿಲ್ಲ. ಹದಿನಾಲ್ಕು ಗಂಟೆಯ ಬಸ್ಸಿನ ದಾರಿಯಲ್ಲೂ ಆಡಲಿಲ್ಲ.

*

ಊರಿಗೆ ಬಂದ ಮೇಲೆ ಫಿದೆಲಾಳ ಫೋನು ಬಂತು. ಅವಳು ಮೊದಲು ಅತ್ತಳು, ಆಮೇಲೆ ಬೈದಳು. ಹೊಸ ಮನೆಯಲ್ಲಿ ಎರಡು ಕೋಣೆ ಸಿದ್ಧ ಮಾಡಿಟ್ಟಿದ್ದಳಂತೆ. ರಿಯಾಲಿನ್‌ಗೆಂದು ಹತ್ತಿರದ ಶಾಲೆಯಲ್ಲಿ ಸಹಾಯಕಿಯ ಕೆಲಸ ಕೇಳಿಟ್ಟಿದ್ದಳಂತೆ. ಶುಲ್ಕ ಕಟ್ಟಿದ್ದು ತಡವಾಯಿತೆಂದು ತನಗೆ ಗೊತ್ತೇ ಇರಲಿಲ್ಲ, ಸರದಿ ಬಂತೆಂಬ ಪತ್ರ ಬಂದ ವಾರವೇ ಕಟ್ಟಿದ್ದೀರೆಂದು ತಿಳಿದಿದ್ದೆ ಎಂದಳು. ಕ್ರಿಸಾಂತೊ ಅಮ್ಮನ ಮಾತೆತ್ತಿದ.

"ನಾನೂ ಅವಳ ಹೊಟ್ಟೇಲೇ ಹುಟ್ಟಿದ್ದು," ಎಂದಳು ಫಿದೆಲಾ. "ಒಂಬತ್ತನೇ ದಿನದ ಪ್ರಾರ್ಥನೆ ಮುಗಿಸಿ ವಿಮಾನ ಹತ್ತಿದೆ. ಮಾರನೇ ದಿನ ಕೆಲಸಕ್ಕೆ ಹೋಗಿ ಹದಿನಾರು ಕೋಣೆ ಹಾಸಿಗೆ ಬದಲಾಯಿಸಿದೆ. ಅವಳು ಬಂದು ನನ್ನ ಕಾಲು ಹಿಡಿದು ಎಳೆದಳಾ?"

ಕ್ರಿಸಾಂತೊ ಫೋನು ಇಟ್ಟ. ಸಿಟ್ಟನ್ನು ಎಲ್ಲಾದರೂ ಇಳಿಸಬೇಕಿತ್ತು. ನೇರ ಇಪಂಗ್ ಅಜ್ಜಿಯ ಮನೆಗೆ ನಡೆದ. ಊರಿನ ಸತ್ತವರಿಗೆಲ್ಲ ಪ್ರಾರ್ಥನೆ ಹೇಳಿಸುವವಳು, ಸತ್ತವರ ಪಾಲಿನ ತಟ್ಟೆಯಲ್ಲಿ ಏನೇನು ಬಡಿಸಬೇಕೆಂದು ಹೇಳುವವಳು ಅವಳೇ. ಕಪ್ಪು ಕಳಚುವವರೆಗೆ ಊರು ಬಿಡುವ ಕಾಗದಕ್ಕೆ ಕೈಹಚ್ಚಬೇಡ ಎಂದು ಅವಳು ಹೇಳಿದ್ದಳೆಂದು ಅವನಿಗೆ ನೆನಪು. ಅಜ್ಜಿ ಅಂಗಳದಲ್ಲಿ ಸೋರೆಬೀಜ ಒಣಹಾಕುತ್ತಿದ್ದಳು. ಎಲ್ಲ ಕೇಳಿಸಿಕೊಂಡು, ಕಿವಿಯ ಹಿಂದೆ ಕೈಯಿಟ್ಟು ಇನ್ನೊಮ್ಮೆ ಹೇಳಿಸಿ, ಕೊನೆಗೆ ಹೀಗೆಂದಳು:

"ಹೊರಡಬೇಡ ಅಂದಿದ್ದೆ ಕಣೋ. ಕಾಗದ ಬರೀಬೇಡ ಅಂದಿರ್ಲಿಲ್ಲ. ನನ್ನ ಮೊಮ್ಮಗ ದುಬೈ ಕಾಗದ ಬರೆದಿದ್ದೇ ಅವರಪ್ಪನ ಏಳನೇ ದಿನ. ಇಲ್ಲೇ, ಈ ಮೇಜಿನ ಮೇಲೆ."

ಅವನು ವಾಪಸು ಬಂದ. ದಾರಿಯುದ್ದಕ್ಕೂ ಅಜ್ಜಿ ಮರೆತಿದ್ದಾಳೆ, ವಯಸ್ಸಾಯಿತು ಎಂದುಕೊಂಡ. ಮನೆ ಹತ್ತಿರವಾದಂತೆ ಹಾಗೆಂದುಕೊಳ್ಳುವುದು ಕಷ್ಟವಾಯಿತು.

*

ಹೊಲದಲ್ಲಿ ಉಳಿದಿದ್ದ ಬೆಳ್ಳುಳ್ಳಿಯನ್ನು ಅವರು ನಾಲ್ಕು ದಿನದಲ್ಲಿ ಕಿತ್ತು ಮುಗಿಸಿದರು. ಮನಿಲಾಕ್ಕೆ ಹೋಗಿಬಂದ ದಿನಗಳಲ್ಲಿ ಕೆಲವು ಬಿರಿದಿದ್ದವು. ಒಣಗಿದ್ದನ್ನು ಕಂಬದ ಮೇಲಿನ ಮನೆಯ ಅಡಿಯಲ್ಲಿ ರಾಶಿ ಹಾಕಿಕೊಂಡು ಗಾತ್ರ ನೋಡಿ ವಿಂಗಡಿಸಿ ಬಿದಿರ ಸೀಳಿನಿಂದ ಕಟ್ಟುವ ಕೆಲಸ. ಲೆತಿ ಕೆಸಿಯಾಳನ್ನು ಕರೆದುಕೊಂಡು ಶಾಲೆಯ ವರ್ಗಾವಣೆ ಪತ್ರ ತರಲು ಪೇಟೆಗೆ ಹೋಗಿದ್ದಳು. ಮಧ್ಯಾಹ್ನದ ಊಟವಾದ ಮೇಲೆ ಅಪ್ಪ ಮಗಳು ಇಬ್ಬರೇ ರಾಶಿಯ ಎರಡು ಬದಿಗೆ ಕೂತಿದ್ದರು.

ನಾನು ಹೋಗುವುದಿಲ್ಲ ಎಂದು ಕ್ರಿಸಾಂತೊ ಎರಡು ದಿನ ಹಟ ಹಿಡಿದಿದ್ದ. ಅದು ಉಪಯೋಗವಿಲ್ಲದ ಹಟವೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅರ್ಜಿ ಅವನ ಹೆಸರಿನದು; ಅವನು ಹೋಗದಿದ್ದರೆ ಲೆತಿಯದೂ ಕೆಸಿಯಾಳದೂ ಬಿದ್ದುಹೋಗುತ್ತದೆ. ದೊಡ್ಡವಳಿಗೆ ಆದದ್ದನ್ನು ಚಿಕ್ಕವಳಿಗೂ ಮಾಡಿದಂತಾಗುತ್ತದೆ. ಈಗ ಅವನು ಹೊಸ ಮಾತು ತೆಗೆದ. ಅಲ್ಲಿ ಇಳಿದ ವಾರವೇ ರಿಯಾಲಿನ್ ಹೆಸರಿಗೆ ತಾನೇ ಅರ್ಜಿ ಹಾಕುತ್ತೇನೆ. ತಂದೆ ಮಗಳ ಸಾಲು ಒಡಹುಟ್ಟಿದವರ ಸಾಲಿನಷ್ಟು ಉದ್ದವಿಲ್ಲ, ವಿಚಾರಿಸಿದ್ದೇನೆ, ಹತ್ತು ಹನ್ನೆರಡು ವರ್ಷ. ಅಷ್ಟರಲ್ಲಿ ನಿಯಮ ಬದಲಾದರೂ ಆಗಬಹುದು.

"ಮದುವೆ ಆಗ್ದೇ ಇರ್ಬೇಕು, ಅಲ್ವಾ?" ಎಂದಳು ರಿಯಾಲಿನ್. ಕೈ ನಿಲ್ಲಿಸಿರಲಿಲ್ಲ.

ಅವನು ಹೌದೆಂದ.

"ಮೂವತ್ತೈದಕ್ಕೆ ಹೋಗಿ ಅಲ್ಲಿ ಏನ್ ಮಾಡ್ಲಿ, ಅಪ್ಪಾ? ಅತ್ತೆ ಜೊತೆ ಹಾಸಿಗೆ ಬದಲಾಯಿಸ್ಲಾ?" ಕಟ್ಟನ್ನು ಬಿಗಿದು ಪಕ್ಕಕ್ಕಿಟ್ಟಳು. "ಹುಟ್ಟೋಕ್ ಮುಂಚಿಂದ ಒಂದು ಸಾಲಲ್ಲಿ ನಿಲ್ಲಿಸಿದ್ರಿ. ನಿಂತೆ. ಇನ್ನೊಂದರಲ್ಲಿ ನಿಲ್ಲಿಸ್ಬೇಡಿ. ನನ್ನ ಹೆಸರು ಬರೀಬೇಡಿ."

ಅವಳು ಸಿಟ್ಟಿನಲ್ಲಿ ಹೇಳುತ್ತಿದ್ದಾಳೆ, ಆಮೇಲೆ ಪಶ್ಚಾತ್ತಾಪಪಡುತ್ತಾಳೆ ಎಂದು ಅವನು ಮೆಲ್ಲಗೆ ಹೇಳಲು ನೋಡಿದ. ತನ್ನ ಅಮ್ಮ ಅವಳನ್ನು ಎಷ್ಟು ಪ್ರೀತಿಯಿಂದ ಸಾಕಿದ್ದಳು, ಅಂಥವಳ ಹೆಸರಿಗೆ ಒಂದು ವರ್ಷ ಕೊಟ್ಟದ್ದು ತಪ್ಪಾಯಿತೆಂದು ಯಾರಿಗೆ ಗೊತ್ತಿತ್ತು ಎಂದ.

ರಿಯಾಲಿನ್ ಮೊದಲ ಸಲ ಕೈ ನಿಲ್ಲಿಸಿದಳು.

"ಪತ್ರ ಬಂದಾಗ ಓದಿ ಹೇಳಿದ್ದು ನಾನು. ಆದಷ್ಟು ಬೇಗ ಕಟ್ಟಿ ಅಂತ ಬರೆದಿತ್ತು, ಅದನ್ನೂ ಹೇಳಿದ್ದೆ. ನೀವು ಕಪ್ಪು ಕಳಚ್ಲಿ ಅಂದ್ರಿ. ಒಂದೇ ಸಲ ಕೇಳಿದ್ದು ನಾನು. ಎರಡನೇ ಸಲ ಕೇಳ್ಬೇಕಿತ್ತು, ಕೇಳ್ಲಿಲ್ಲ. ಅದು ನನ್ನ ತಪ್ಪು, ಒಪ್ಕೋತೀನಿ. ಆದ್ರೆ ಅಜ್ಜಿ ಹೆಸರು ತರ್ಬೇಡಿ. ನೀವು ಕಾದಿದ್ದು ಅಜ್ಜಿಗೋಸ್ಕರ ಅಲ್ಲ. ನಿಮಗೆ ಹೋಗೋ ಮನಸ್ಸಿರ್ಲಿಲ್ಲ."

ಮನೆಯಡಿಯ ನೆರಳಿನಲ್ಲಿ ಕೋಳಿಯೊಂದು ಉದುರಿದ ಸಿಪ್ಪೆ ಕೆದಕುತ್ತಿತ್ತು. ಕ್ರಿಸಾಂತೊ ಅದನ್ನೇ ನೋಡುತ್ತ ಕೂತ. ಆ ವರ್ಷ ಅವನಿಗೆ ನೆನಪಾಯಿತು. ತೋಳಿಗೆ ಕಪ್ಪು ಪಟ್ಟಿ ಪಿನ್ನು ಮಾಡಿಕೊಂಡು ಓಡಾಡಿದ್ದ. ಯಾವಾಗ ಹೊರಡುತ್ತೀ ಎಂದು ಯಾರೂ ಕೇಳುತ್ತಿರಲಿಲ್ಲ. ಕೇಳಿದರೆ ಪಟ್ಟಿ ತೋರಿಸಿದರೆ ಸಾಕಿತ್ತು. ಇಪ್ಪತ್ತು ವರ್ಷದಲ್ಲಿ ಮೊದಲ ಬಾರಿಗೆ ಆ ವರ್ಷ ಅವನು ಈ ಬೆಳೆ ಕೊನೆಯದೋ ಏನೋ ಎಂದು ಲೆಕ್ಕ ಹಾಕದೆ ಬಿತ್ತಿದ್ದ. ಅಮ್ಮನಿಗೆ ದೀಪ ಹಚ್ಚುವಾಗ ದುಃಖವಾಗುತ್ತಿತ್ತು, ಸುಳ್ಳಲ್ಲ. ಆದರೆ ವರ್ಷ ತುಂಬುತ್ತ ಬಂದಾಗ ಅವನಿಗೆ ಇನ್ನಷ್ಟು ದಿನ ಇರಲಿ ಎನ್ನಿಸಿತ್ತು. ಕಪ್ಪು ಕಳಚಿದ ಮೇಲೂ ಮೂರು ವಾರ, ಎಸಳು ಊರುವ ಕೆಲಸವಿದೆ ಎಂದು ಮುಂದೂಡಿದ್ದ. ಆ ಮೂರು ವಾರಕ್ಕೆ ಅಮ್ಮನೂ ಕಾರಣವಲ್ಲ, ಇಪಂಗ್ ಅಜ್ಜಿಯೂ ಅಲ್ಲ.

"ಹೌದು," ಎಂದ. ಕೈಯಲ್ಲಿದ್ದ ಗಡ್ಡೆಯನ್ನು ರಾಶಿಗೆ ಹಾಕಿ, "ಇರ್ಲಿಲ್ಲ," ಎಂದ.

ಅವಳು ಅದನ್ನು ಕೇಳಿ ಸಮಾಧಾನಗೊಂಡಂತೆ ಕಾಣಲಿಲ್ಲ. ಹೋಗಲು ಮನಸ್ಸಿಲ್ಲದ ನೀವು ಹೋಗುತ್ತೀರಿ, ಹೋಗಬೇಕೆಂದಿದ್ದ ನಾನು ಇರುತ್ತೇನೆ, ಎಷ್ಟು ಚೆನ್ನಾಗಿದೆ ನೋಡಿ ಎಂದಷ್ಟೇ ಹೇಳಿದಳು. ಮುಂದಿನ ಕಟ್ಟಿಗೆ ಕೈಹಾಕಿದಳು. ಸಂಜೆಯವರೆಗೆ ಇಬ್ಬರೂ ಕಟ್ಟಿದರು.

*

ಹೊರಡುವುದಕ್ಕೆ ಇನ್ನು ಎರಡು ವಾರವಿರುವಾಗ ಕ್ರಿಸಾಂತೊ ತನ್ನ ಪಾಲಿನ ಹೊಲವನ್ನು ರಿಯಾಲಿನ್ ಹೆಸರಿಗೆ ಬರೆದುಕೊಡುವುದಾಗಿ ಹೇಳಿದ. ಯಾರೊಂದಿಗೂ ಚರ್ಚಿಸಿರಲಿಲ್ಲ. ಲೆತಿ ಒಂದು ಮಾತೂ ಅಡ್ಡ ಹೇಳಲಿಲ್ಲ. ರಿಯಾಲಿನ್ ಒಲ್ಲೆನೆನ್ನುತ್ತಾಳೆ, ಒಂದಿಷ್ಟು ಒತ್ತಾಯ ಮಾಡಬೇಕಾಗುತ್ತದೆ ಎಂದು ಅವನು ಎಣಿಸಿದ್ದ. ಅವಳು ಯಾವ ದಿನ ಪೇಟೆಗೆ ಹೋಗಬೇಕೆಂದು ಕೇಳಿದಳು. ಜೂನಿಗೆ ಊರಿನ ಶಾಲೆಯಲ್ಲಿ ಒಂದು ಜಾಗ ಖಾಲಿಯಾಗುತ್ತದೆ, ಅದೇ ದಿನ ಆ ಅರ್ಜಿಯನ್ನೂ ಕೊಟ್ಟುಬರುತ್ತೇನೆ ಎಂದಳು.

ನೋಟರಿಯ ಕೋಣೆಯಲ್ಲಿ ಫ್ಯಾನು ಕಿರುಗುಡುತ್ತಿತ್ತು. ನೋಟರಿ ವಯಸ್ಸಾದವನು, ಕ್ರಿಸಾಂತೊನ ತಂದೆಯನ್ನು ಬಲ್ಲವನು. ಹಾಳೆಗಳನ್ನು ಓದಿ ಹೇಳಿ, ಎಲ್ಲಿ ಸಹಿ ಎಂದು ಬೆರಳಿಟ್ಟು ತೋರಿಸಿದ. ಅದೃಷ್ಟವಂತೆ ಕಣಮ್ಮಾ, ನಿಮ್ಮಪ್ಪ ಬದುಕಿರುವಾಗಲೇ ಕೊಡುತ್ತಿದ್ದಾನೆ, ಎಷ್ಟು ಜನ ಕೊಡುತ್ತಾರೆ ಎಂದ. ರಿಯಾಲಿನ್ ಹಿರಿಯರಿಗೆ ಹೇಳುವಂತೆ ಅಪೋ ಎಂದು ತಲೆಬಾಗಿ, ಮೂರು ಕಡೆ ಸಹಿ ಮಾಡಿದಳು. ಬಲ ಹೆಬ್ಬೆಟ್ಟಿನ ಗುರುತು ಒತ್ತಿ, ಶಾಯಿಯನ್ನು ಚಿಂದಿಗೆ ಒರೆಸಿಕೊಂಡಳು.

ಹೊರಗೆ ಬಂದು ಬಾಡಿಗೆ ಬಂಡಿ ಜೀಪ್ನಿ ನಿಲ್ಲುವ ಕಡೆಗೆ ನಡೆದರು. ಬಿಸಿಲು ನೆತ್ತಿಗೇರಿತ್ತು. ಕ್ರಿಸಾಂತೊಗೆ ಎದೆಯ ಮೇಲಿನ ಒಂದು ಭಾರ ಇಳಿದಂತೆ ಅನ್ನಿಸಿ, ಅದನ್ನು ಅವಳ ಬಾಯಿಂದಲೂ ಕೇಳಬೇಕೆನ್ನಿಸಿತು.

"ಇನ್ನಾದ್ರೂ ಸರಿಹೋಯ್ತೇನಮ್ಮ?"

"ಹೊಲದ್ದು ಸರಿಹೋಯ್ತು," ಎಂದಳು ರಿಯಾಲಿನ್. "ಚೆನ್ನಾಗಿ ನೋಡ್ಕೋತೀನಿ. ಅದರ ಯೋಚನೆ ಬೇಡ ನಿಮಗೆ."

ಇನ್ನೊಂದರ ಬಗ್ಗೆ ಅವಳು ಏನಾದರೂ ಹೇಳಬಹುದೆಂದು ಅವನು ಕಾದ. ಅವಳು ಕಾಗದಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಮಡಚಿ ಕಂಕುಳಲ್ಲಿಟ್ಟುಕೊಂಡಳು. ಜೀಪ್ನಿ ಅರ್ಧ ತುಂಬಿತ್ತು. ಇಬ್ಬರೂ ಎದುರುಬದುರು ಕೂತರು. ಅವನು ಜೇಬಿನಿಂದ ಚಿಲ್ಲರೆ ತೆಗೆದು, ಇಬ್ಬರದು ಎಂದು ಚಾಲಕನ ಕಡೆ ಕೈಯಿಂದ ಕೈಗೆ ದಾಟಿಸಿದ. ಒಬ್ಬರ ಬಾಡಿಗೆ ಹಿಂದಕ್ಕೆ ಬಂತು. ಅವಳು ತನ್ನದನ್ನು ಹತ್ತುವಾಗಲೇ ಕೊಟ್ಟಿದ್ದಳು.